ಗುಂಡಿನ ದಾರ

ಪುಣೆಯ ಒಂದು ವ್ಯಸನಮುಕ್ತಿ ಕೇಂದ್ರದಲ್ಲಿ ನಾನು ಆಪ್ತಸಮಾಲೋಚಕಿ. 35 ದಿನ ಅಲ್ಲೇ ಇದ್ದು ಚಿಕಿತ್ಸೆ ಪಡೆಯಬೇಕು. ಮಾತುಕತೆಯೆಲ್ಲ ಮರಾಠಿ, ಹಿಂದಿ. ಕನ್ನಡದವರು ಬಂದರೆ ನನ್ನ ಪಾಲಿಗೆ. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರೇ ಹೆಚ್ಚು.

ದಾರೂ ನಿಂತ ಕೆಲವೇ ಗಂಟೆಗಳಲ್ಲಿ ಕೈ ನಡುಗುತ್ತದೆ, ಮೈ ಬೆವರುತ್ತದೆ. ಕೆಲವರಿಗೆ ಎರಡು ದಿನದೊಳಗೆ ಫಿಟ್ಸ್, ಆಮೇಲೆ ಸನ್ನಿಯೂ ಬರಬಹುದು. ಅದಕ್ಕೆ ಡಾಕ್ಟರರಿದ್ದಾರೆ, ಔಷಧಿಯಿದೆ. ನನ್ನ ಭಯವೆಲ್ಲ ಅದರ ಮುಂದಿನ ವಾರದ್ದು. ಊಟ ಸೇರತೊಡಗಿದ ಕೂಡಲೇ "ಆರಾಮ ಆಗೇನ್ರಿ, ಹೊಂಟೆ" ಅನ್ನುತ್ತಾರೆ.

ಒಬ್ಬ ಗೌಂಡಿ, ಗೋಡೆ ಕಟ್ಟುವ ಮೇಸ್ತ್ರಿ, ಅವರೂ ಹನ್ನೊಂದನೆಯ ದಿನ ಚೀಲ ಹಿಡಿದು ಬಾಗಿಲಲ್ಲಿ ನಿಂತರು. (ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು, ಊರು ಬೇಡ.) "ಅಕ್ಕಾರ, ನನ್ನ ಬಿಡ್ರಿ."

ಸ್ವಂತ ಇಚ್ಛೆಯಿಂದ ಸೇರಿದವರು ಹೋಗುತ್ತೇನೆಂದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಬಿಡಬೇಕು. ಕೆಲವು ಸಂದರ್ಭಗಳಲ್ಲಿ ಮಾತ್ರ ತಪಾಸಣೆಗೆಂದು 24 ಗಂಟೆ ತಡೆಯಬಹುದು. ಅದು ನ್ಯಾಯವೇ. ಮೊದಲೆಲ್ಲ ಇಂಥ ಹೊತ್ತಲ್ಲಿ "ಹೆಂಡ್ತಿ ಮಕ್ಕಳ ಮಾರಿ ನೋಡ್ರಿ" ಅನ್ನುತ್ತಿದ್ದೆ. ಹಾಗೆ ಅನ್ನಿಸಿಕೊಂಡ ಇಬ್ಬರು ತಲೆ ತಗ್ಗಿಸಿ ಹೂಂ ಅಂದು ಸಂಜೆಯೇ ಹೊರಟುಹೋದರು. ಆ ಇಬ್ಬರ ಮುಖ ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

"ಚಹಾ ಕುಡದು ಹೋಗ್ರಿ" ಅಂದೆ. ಕೂತರು. ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರೂ ಚಹಾದ ಮೇಲೆ ಸಣ್ಣ ಅಲೆ ಏಳುತ್ತಿತ್ತು. ಕಣ್ಣು ಅದರ ಮೇಲೇ. ನಾನು ಸುಮ್ಮನಿದ್ದೆ. ಸುಮ್ಮನಿರುವುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದಿವೆ.

"ಗುಂಡಿನ ದಾರ ಕೈಯಾಗ ನಿಲ್ಲವಲ್ದ್ರಿ" ಅಂದರು. ಗೋಡೆ ನೆಟ್ಟಗಿದೆಯೇ ಎಂದು ನೋಡಲು ತೂಕ ಕಟ್ಟಿ ಇಳಿಬಿಡುವ ದಾರ ಅದು. "ಗ್ವಾಡಿ ಸೊಟ್ಟ ಬರತಾವ. ಒಂದ ಕ್ವಾರ್ಟರ್ ಹಾಕಿದ್ರ ನಿಲ್ತದ. ಇಲ್ಲಿ ಎಲ್ಲಾರೂ ಶಾಂತಿ, ಸಮಾಧಾನ ಅಂತಾರ. ನನಗ ಕೈ ಬೇಕ್ರಿ."

ಅವರ ಫೈಲಿನಲ್ಲಿ ಗುರಿ ಎಂಬಲ್ಲಿ ಮೊದಲ ದಿನವೇ ನಾನು "ಜೀವನಪೂರ್ತಿ ಮದ್ಯದಿಂದ ದೂರ" ಎಂದು ಬರೆದಿದ್ದೆ. ಅದು ನನ್ನ ಗುರಿ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದದ್ದನ್ನು ಓದುವಾಗ ಕಲಿತಿದ್ದೆ: ಗುರಿ ಇಬ್ಬರಿಗೂ ಒಪ್ಪಿಗೆಯಾಗಬೇಕು, ಮಾಡುವ ಕೆಲಸ ಒಪ್ಪಿಗೆಯಾಗಬೇಕು, ನಡುವೆ ನಂಟು ಬೆಳೆಯಬೇಕು. ಒಂದೇ ಭಾಷೆ ಆಡುತ್ತೇವೆ, ನಂಟು ತಾನಾಗಿಯೇ ಕೂಡಿತು ಅಂದುಕೊಂಡು ಉಳಿದೆರಡನ್ನು ಕೇಳಿಯೇ ಇರಲಿಲ್ಲ. ಕನ್ನಡ ಬರುತ್ತದೆಂಬ ಧೈರ್ಯವೇ ನನ್ನ ಕಿವಿ ಮುಚ್ಚಿತ್ತು.

ಅವರೆದುರೇ ಆ ಸಾಲು ಹೊಡೆದುಹಾಕಿ "ಗುಂಡಿನ ದಾರ ನಿಲ್ಲಬೇಕು" ಎಂದು ಬರೆದೆ. ಓದಲು ಬಾರದು, ಓದಿ ಹೇಳಿದೆ. ಡಾಕ್ಟರರನ್ನು ಕರೆಸಿದೆ. ಕ್ವಾರ್ಟರ್ ಹಾಕಿದರೆ ಕೈ ಯಾಕೆ ನಿಲ್ಲುತ್ತದೆ, ಇಳಿದ ಮೇಲೆ ಅದೇ ದಾರೂ ಮತ್ತೆ ಯಾಕೆ ನಡುಗಿಸುತ್ತದೆ ಎಂದು ಅವರು ಹಿಂದಿಯಲ್ಲಿ ಹೇಳಿದ್ದನ್ನೆಲ್ಲ ಕನ್ನಡ ಮಾಡಿದೆ. "ನಾಳಿ ತನ ಇರ್ತೀನ್ರಿ" ಅಂದರು. ಆಗಲಿ ಅಂದೆ, ಒಂದು ದಿನಕ್ಕೆ. ಮರುದಿನ ಮತ್ತೆ ಒಂದು ದಿನಕ್ಕೆ.

ಅಂದಿನಿಂದ ಗುಂಪಿನ ಮಾತುಕತೆಯಲ್ಲಿ ಪಕ್ಕದಲ್ಲೇ ಕೂತು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಬೆಳಿಗ್ಗೆ ಅವರು ದಾರಕ್ಕೆ ಕಲ್ಲು ಕಟ್ಟಿ ನನ್ನ ಕೋಣೆಯ ಕಿಟಕಿಗೆ ಹಿಡಿಯುತ್ತಿದ್ದರು, ಕಲ್ಲು ಅಲುಗುವವರೆಗೆ ನಾನು ಎಣಿಸುತ್ತಿದ್ದೆ. ಹನ್ನೆರಡು, ಇಪ್ಪತ್ತು, ಒಮ್ಮೊಮ್ಮೆ ಮತ್ತೆ ಹತ್ತು. ಹೆಂಡತಿಯ ಮಾತು, ಸತ್ತ ತಮ್ಮನ ಮಾತು ಬಂದದ್ದೆಲ್ಲ ಆ ಕಿಟಕಿಯ ಹತ್ತಿರವೇ, ನಾನು ಕೇಳದೆಯೇ.

ಕೊನೆಯ ವಾರದ ಒಂದು ಬೆಳಿಗ್ಗೆ ಎಣಿಕೆ ಅರವತ್ತು ದಾಟಿತು. ಅವರು ಒಂದು ಕಣ್ಣು ಮುಚ್ಚಿ ದಾರ ನೋಡಿದರು, ಚೌಕಟ್ಟು ನೋಡಿದರು. "ಅಕ್ಕಾರ, ನಿಮ್ಮ ಕಿಡಕಿ ಅರ್ಧ ಬಟ್ಟು ವಾಲೇತ್ರಿ."