ಎದೆಹಾಲಿನ ತೊಡಕುಗಳಲ್ಲಿ ನೆರವು ಕೇಳುವ ಬಗೆ

ಹೆರಿಗೆಯಾಗಿ ಮೂರು ನಾಲ್ಕು ದಿನ ಕಳೆಯುವ ಹೊತ್ತಿಗೆ ಎದೆ ಕಲ್ಲಿನಂತೆ ಬಿಗಿದಿರುತ್ತದೆ, ಮೊಲೆತೊಟ್ಟು ಒಡೆದಿರುತ್ತದೆ, ಮಗು ಅತ್ತಾಗಲೆಲ್ಲ ಹಾಲು ಸಾಲುತ್ತಿಲ್ಲವೇನೋ ಎಂಬ ಅಳುಕು ಬಾಣಂತಿಯನ್ನು ಕಾಡತೊಡಗುತ್ತದೆ. ಈ ತೊಡಕುಗಳಲ್ಲಿ ಹೆಚ್ಚಿನವು ಸರಿಹೋಗುವಂಥವೇ, ಆದರೆ ನೆರವನ್ನು ಬೇಗನೆ ಕೇಳಬೇಕು ಮತ್ತು ಏನು ಬೇಕೆಂದು ಬಿಡಿಸಿ ಕೇಳಬೇಕು. ‘ನನ್ನಿಂದ ಆಗುತ್ತಿಲ್ಲ’ ಎಂದಷ್ಟೇ ಹೇಳಿದರೆ ಮನೆಯವರಿಗೆ ಥಟ್ಟನೆ ಹೊಳೆಯುವುದು ಹಾಲಿನ ಪುಡಿಯ ಡಬ್ಬ. ‘ಮಗು ಬಾಯಿ ಹಾಕಿದಾಗ ತುಂಬಾ ನೋಯುತ್ತಿದೆ, ತಿಳಿದವರು ಯಾರಾದರೂ ಪಕ್ಕದಲ್ಲಿ ಕೂತು ನೋಡಬೇಕು’ ಎಂದರೆ ಅದೇ ಮನೆಯವರು ನರ್ಸನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆಯುತ್ತಾರೆ.

ಧೈರ್ಯ ಹೇಳುವವರು ಹತ್ತಿರವಿರಬೇಕೆಂಬುದು ಬರಿಯ ಸಮಾಧಾನದ ಮಾತಲ್ಲ. ಮಗು ಎಷ್ಟು ಸಲ ಕುಡಿದು ಎದೆಯನ್ನು ಬರಿದು ಮಾಡುತ್ತದೆಯೋ ಅದಕ್ಕೆ ತಕ್ಕಂತೆ ಹಾಲು ಹುಟ್ಟುತ್ತದೆ. ಹುಟ್ಟಿದ ಹಾಲು ಹರಿದು ಬರಲು ಆಕ್ಸಿಟೋಸಿನ್ ಎಂಬ ಹಾರ್ಮೋನು ಬೇಕು, ನೋವು, ಹೆದರಿಕೆ, ನಾಚಿಕೆಗಳು ಅದಕ್ಕೆ ತಡೆಯಾಗುತ್ತವೆ. ಗುರುತಿಲ್ಲದವರು ಬಂದು ನಿಂತರೆ ಹಸು ಹಾಲು ಬಿಡುವುದಿಲ್ಲವೆಂದು ಹಟ್ಟಿಯಿರುವ ಮನೆಗಳಿಗೆ ಚೆನ್ನಾಗಿ ಗೊತ್ತು. ಅದೇ ಮನೆಯಲ್ಲಿ ಬಾಣಂತಿಯ ಮುಂದೆ ನಾಲ್ಕು ಜನ ಕೂತು ‘ಹಾಲೇ ಇಲ್ಲವಲ್ಲ’ ಎನ್ನುವುದು ನಡೆಯುತ್ತಲೇ ಇರುತ್ತದೆ. ಈ ಮಾತು ಮಾಡುವ ಕೇಡು ಸಣ್ಣದಲ್ಲ.

ನೆರವನ್ನು ಮೊದಲು ಪಡೆಯಬೇಕಾದದ್ದು ಆಸ್ಪತ್ರೆಯಲ್ಲೇ. ಡಿಸ್ಚಾರ್ಜ್ ಆಗುವ ಮೊದಲು ಸ್ಟಾಫ್ ನರ್ಸನ್ನು ಕರೆದು, ಒಂದು ಸಲ ಹಾಲು ಕುಡಿಸುವುದನ್ನು ಮೊದಲಿನಿಂದ ಕೊನೆಯವರೆಗೆ ನೋಡುವಂತೆ ಕೇಳಿರಿ. ಮಗುವಿನ ಬಾಯಿ ಅಗಲವಾಗಿ ತೆರೆದಿದೆಯೇ, ಕೆಳತುಟಿ ಹೊರಕ್ಕೆ ಮಗುಚಿದೆಯೇ, ಗದ್ದ ಎದೆಗೆ ತಾಗಿದೆಯೇ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಹೆಚ್ಚು ಕಾಣುತ್ತಿದೆಯೇ, ನುಂಗುವ ಸದ್ದು ಕೇಳುತ್ತಿದೆಯೇ ಎಂದು ಅವರು ನೋಡಿ ಹೇಳಬಲ್ಲರು. ತೊಟ್ಟು ಒಡೆಯುವುದಕ್ಕೆ ಬಹುಮಟ್ಟಿಗೆ ಮಗು ತೊಟ್ಟನ್ನಷ್ಟೇ ಕಚ್ಚಿ ಎಳೆಯುವುದೇ ಕಾರಣ. ಮೊದಲ ಕೆಲವು ಕ್ಷಣ ಕಳೆದ ಮೇಲೂ ನೋವು ನಿಲ್ಲದಿದ್ದರೆ, ಹಲ್ಲು ಕಚ್ಚಿ ಸಹಿಸದೆ, ಶುಚಿಯಾದ ಕಿರುಬೆರಳನ್ನು ಮಗುವಿನ ಬಾಯಿಯ ಮೂಲೆಗೆ ಮೆಲ್ಲನೆ ತೂರಿಸಿ ಬಿಡಿಸಿಕೊಂಡು, ಮತ್ತೆ ಹಿಡಿಸಬೇಕು. ಸಿಸೇರಿಯನ್ ಆದವರು ಮಗ್ಗುಲಾಗಿ ಮಲಗಿ ಕುಡಿಸುವುದನ್ನೂ, ಮಗುವನ್ನು ಕಂಕುಳ ಕೆಳಗೆ ಹಿಡಿದು ಕುಡಿಸುವುದನ್ನೂ ತೋರಿಸಿಕೊಡಿ ಎಂದು ಕೇಳಬಹುದು, ಏಕೆಂದರೆ ಹೊಲಿಗೆಯ ಮೇಲೆ ಭಾರ ಬೀಳದ ಭಂಗಿಗಳು ಇವು. ಹಾಲು ಕಟ್ಟಿಕೊಂಡಾಗ ಕೈಯಿಂದ ಹಿಂಡಿ ತೆಗೆಯುವ ಕ್ರಮವನ್ನೂ ಅಲ್ಲಿಯೇ ಕಲಿತು ಬರುವುದು ಲೇಸು.

ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ಹತ್ತಿರದ ಆಸರೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೆಯ ದಿನಗಳಂದು ಆಕೆ ಮನೆಗೆ ಬಂದು ತಾಯಿ ಮಗುವನ್ನು ನೋಡಬೇಕೆಂಬ ಕ್ರಮವಿದೆ. ಬಾಣಂತನಕ್ಕೆ ತವರಿಗೆ ಹೋಗುವವರು ಆ ಊರಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ ತಾಯಿ ಕಾರ್ಡನ್ನು ಜೊತೆಗೆ ಒಯ್ಯದಿದ್ದರೆ, ಎರಡು ಊರುಗಳ ನಡುವೆ ಈ ಭೇಟಿಗಳು ತಪ್ಪಿಹೋಗುತ್ತವೆ. ಆಕೆಯಿಂದ ಮಗುವಿನ ತೂಕ ಮಾಡಿಸಿ, ಬರೆದಿಟ್ಟುಕೊಳ್ಳಿ. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ತುಸು ಇಳಿಯುವುದು ಸಹಜ, ಸುಮಾರು ಎರಡು ವಾರಗಳೊಳಗೆ ಅದು ಮತ್ತೆ ಹುಟ್ಟುತೂಕಕ್ಕೆ ಬರಬೇಕು. ಐದನೆಯ ದಿನದ ನಂತರ ಮಗು 24 ಗಂಟೆಗಳಲ್ಲಿ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, 8ರಿಂದ 12 ಸಲ ಕುಡಿಯುತ್ತಿದ್ದು, ತೂಕವೂ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಸಂಜೆಯ ಅಳುವಾಗಲಿ, ಎದೆ ಮೆತ್ತಗಾಗಿರುವುದಾಗಲಿ ಹಾಲಿನ ಕೊರತೆಗೆ ಸಾಕ್ಷಿಯಲ್ಲ.

ಮನೆಯ ಹಿರಿಯರೊಡನೆ ಮಾತಾಡುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಸಬ್ಬಸಿಗೆ ಸೊಪ್ಪಿನ ಸಾರು ಮಾಡಿ, ಬೆಳ್ಳುಳ್ಳಿ ಹುರಿದು ಬಡಿಸುವ ಕೈಗಳೇ ಕೆಲವೊಮ್ಮೆ ಬಾಣಂತಿಗೆ ನೀರನ್ನು ಅಳೆದು ಕೊಡುತ್ತವೆ, ಮಗುವಿನ ನಾಲಗೆಗೆ ಜೇನು ಸವರುತ್ತವೆ. ಬಾಣಂತಿಯು ಬಾಯಾರಿದಷ್ಟೂ ನೀರು ಕುಡಿಯಬೇಕು. ಆರು ತಿಂಗಳವರೆಗೆ ಮಗುವಿಗೆ ಎದೆಹಾಲಲ್ಲದೆ ನೀರೂ ಬೇಡ, ಜೇನಂತೂ ಒಂದು ವರ್ಷದವರೆಗೆ ಅಪಾಯಕರ. ಇದನ್ನು ವಾದಕ್ಕಿಳಿಯದೆ, ‘ಅತ್ತೆ, ಡಾಕ್ಟರು ಹೀಗೆ ಹೇಳಿದ್ದಾರೆ, ನೀವೂ ಒಮ್ಮೆ ಅವರ ಬಾಯಿಂದಲೇ ಕೇಳಿ’ ಎಂದು ಅವರನ್ನೇ ತಪಾಸಣೆಗೆ ಕರೆದೊಯ್ಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಹಿರಿಯರನ್ನು ದೂರವಿಟ್ಟು ಗೆಲ್ಲುವುದಕ್ಕಿಂತ ಅವರನ್ನು ಜೊತೆಗೆ ತಂದುಕೊಳ್ಳುವುದು ಮೇಲು, ಏಕೆಂದರೆ ನಡುರಾತ್ರಿ ಎದ್ದು ಬಂದು ತಲೆ ಸವರುವವರು ಅವರೇ. ಮಗುವನ್ನು ತೇಗಿಸುವುದು, ಬಟ್ಟೆ ಬದಲಿಸುವುದು, ನೋಡಲು ಬಂದವರನ್ನು ಹೊರಕೋಣೆಯಲ್ಲೇ ಮಾತಾಡಿಸಿ ಕಳುಹಿಸುವುದು ಗಂಡನ ಕೆಲಸವೆಂದು ಮೊದಲ ದಿನವೇ ಮಾತಾಡಿಕೊಳ್ಳಿ.

ಕೆಲವು ತೊಡಕುಗಳನ್ನು ಮನೆಯಲ್ಲಿಟ್ಟುಕೊಂಡು ಕಾಯಬಾರದು. ಎದೆಯಲ್ಲಿ ಕೆಂಪಾದ, ಮುಟ್ಟಿದರೆ ನೋಯುವ ಗಂಟಿನೊಡನೆ ಜ್ವರ ಬಂದರೆ ವೈದ್ಯರನ್ನು ಕಾಣಬೇಕು. ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಕಾಗಿಲ್ಲ, ನಿಲ್ಲಿಸಿದರೆ ಹಾಲು ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಮಗು ಎಬ್ಬಿಸಿದರೂ ಕುಡಿಯದೆ ಮಂಕಾಗಿದ್ದರೆ, ಮೂತ್ರ ಕಡಿಮೆಯಾಗಿದ್ದರೆ, ಮೈಯ ಹಳದಿ ಹೆಚ್ಚುತ್ತಿದ್ದರೆ ಅಂದೇ ಮಕ್ಕಳ ವೈದ್ಯರಿಗೆ ತೋರಿಸಬೇಕು. ತಿಂಗಳು ತುಂಬುವ ಮೊದಲೇ ಹುಟ್ಟಿ ಶಿಶು ತೀವ್ರ ನಿಗಾ ಘಟಕದಲ್ಲಿರುವ ಮಕ್ಕಳಿಗಾಗಿ ದಾನಿ ತಾಯಂದಿರ ಹಾಲನ್ನು ಪಾಶ್ಚರೀಕರಿಸಿ ಕೊಡುವ ಎದೆಹಾಲು ಬ್ಯಾಂಕುಗಳಿವೆ. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯ ‘ಅಮೃತಧಾರೆ’ ಅಂಥದೊಂದು.

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಸಾಮಾನ್ಯ. ಎರಡು ವಾರ ಕಳೆದರೂ ಮನಸ್ಸು ಕುಗ್ಗಿಯೇ ಇದ್ದರೆ, ಮಗುವನ್ನು ಕಂಡರೆ ಏನೂ ಅನ್ನಿಸದಿದ್ದರೆ, ಬದುಕೇ ಬೇಡವೆನಿಸಿದರೆ, ಅದನ್ನು ಹಾಲಿನ ಚಿಂತೆಯೆಂದು ತಳ್ಳಿಹಾಕಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ತಾಯಿ ಮಗುವನ್ನು ಅಗಲಿಸದೆ ಚಿಕಿತ್ಸೆ ಕೊಡುವ ಘಟಕವು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ.

ಕೆಲಸಕ್ಕೆ ಮರಳುವವರು ಕಚೇರಿಯಲ್ಲಿ ಸಂಕೋಚಪಡಬೇಕಾಗಿಲ್ಲ. ಹೆರಿಗೆ ಸೌಲಭ್ಯದ ಕಾನೂನಿನ ವ್ಯಾಪ್ತಿಗೆ ಬರುವ ಉದ್ಯೋಗಿಗಳಿಗೆ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯೂ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಹಾಲೂಡಿಸುವ ಬಿಡುವುಗಳೂ ಇವೆ.

ಇಷ್ಟೆಲ್ಲ ಆದ ಮೇಲೂ ಕೆಲವು ತಾಯಂದಿರಿಗೆ ಹಾಲು ಸಾಲದೆ ಹೋಗಬಹುದು, ಅದು ಅವರ ತಪ್ಪಲ್ಲ. ಪುಡಿಹಾಲು ಕೊಡಬೇಕೆಂದು ವೈದ್ಯರು ಹೇಳಿದಾಗ ಮೂರು ವಿಷಯಗಳನ್ನು ಕೇಳಿ ತಿಳಿದುಕೊಳ್ಳಿ: ಎಷ್ಟು ಕೊಡಬೇಕು, ಎಷ್ಟು ದಿನ ಕೊಡಬೇಕು, ಅದರ ಜೊತೆಗೆ ಎದೆಹಾಲನ್ನು ಉಳಿಸಿಕೊಳ್ಳುವುದು ಹೇಗೆ. ಬಾಟಲಿಯ ಬದಲು ಒಳಲೆಯಲ್ಲೋ (ಹಾಲು ಕುಡಿಸುವ ಕೊಕ್ಕಿನ ಪುಟ್ಟ ಪಾತ್ರೆ) ಚಿಕ್ಕ ಲೋಟದಲ್ಲೋ ಕುಡಿಸುವುದನ್ನು ತೋರಿಸಿಕೊಡುವಂತೆ ನರ್ಸನ್ನು ಕೇಳಿ, ಮನೆಗೆ ಹೊರಡುವ ಮೊದಲು ಅವರೆದುರಿಗೇ ಒಂದು ಸಲ ಕುಡಿಸಿ ನೋಡಿ.