ಸಿಸಿಲಿಯಲ್ಲಿ ಕೈ ಹಿಡಿದದ್ದು 40 ರೂಪಾಯಿ ನೋಟ್‌ಬುಕ್

ಇಟಾಲಿಯನ್ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಕಲಿಯುತ್ತೇನೆ ಅಂದಾಗ ಮೊದಲು ನಕ್ಕಿದ್ದು ನನ್ನ ಮಗಳೇ. "ಅಪ್ಪಾ, ಉಚ್ಚಾರ ಕೆಟ್ಟು ಹೋಗುತ್ತೆ, ಅವರ ಲಿಪಿಯಲ್ಲೇ ಓದು" ಅಂದಳು. ಆನ್‌ಲೈನ್ ಟೀಚರ್ ಕೂಡ ಅದನ್ನೇ ಹೇಳಿದ್ದರು. 2024ರಲ್ಲಿ ಇಟಲಿಯ ಸಿಸಿಲಿ ದ್ವೀಪದಲ್ಲಿ ಪಲೆರ್ಮೊ, ಸಿರಾಕೂಸಾ, ಕತಾನಿಯಾ ಅಂತ ಹದಿಮೂರೋ ಹದಿನಾಲ್ಕೋ ದಿನ ಸುತ್ತಿದೆವು. ನಾನು ಇಂಗ್ಲಿಷ್ ತೆಗೆದದ್ದು ಎರಡೇ ಸಲ. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

2019ರ ಮೊದಲ ಪ್ರವಾಸ ಪೂರ್ತಿ ಸೋಲು. ಆ್ಯಪ್‌ಗೆ ನಾಲ್ಕು ಸಾವಿರ ಚಿಲ್ಲರೆ ಕಟ್ಟಿದ್ದೆ. ಗಂಟೆಗೆ ಸಾವಿರದ ಮೇಲೆ ಕೊಟ್ಟು ಎಂಟು ಕ್ಲಾಸು. ಎಲ್ಲ ಸೇರಿ 13 ಸಾವಿರ ಹೋಯಿತು. ಪಲೆರ್ಮೊದ ಬಲ್ಲರೊ ಮಾರ್ಕೆಟ್‌ನಲ್ಲಿ ನಿಂತು "ಕ್ವಾಂಟೊ ಕೋಸ್ಟಾ?" (ಎಷ್ಟು ರೇಟು?) ಅಂತ ಕೇಳಿದರೆ ಅಂಗಡಿಯವ ಇಂಗ್ಲಿಷ್‌ನಲ್ಲೇ ರೇಟು ಹೇಳಿದ. ಮುಂದಿನವನೂ ಹಾಗೇ.

ತಪ್ಪು ಗೊತ್ತಾಗಲು ಮೂರು ವರ್ಷ ಬೇಕಾಯಿತು ನೋಡಿ. ರೋಮನ್ ಅಕ್ಷರ ಕಂಡ ತಕ್ಷಣ ನಮ್ಮ ಬಾಯಿಗೆ ಇಂಗ್ಲಿಷ್‌ನ ಟ, ಡ ಬರುತ್ತದೆ. ಇಟಾಲಿಯನ್ನರದು ನಮ್ಮ ತ, ದ. ನಾಲಿಗೆ ಹಲ್ಲಿಗೆ ತಾಗಬೇಕು. ಕ್ವಾಂತೊ ಕೋಸ್ತಾ. ಇಷ್ಟೇ! ಕನ್ನಡದಲ್ಲಿ ಬರೆದುಕೊಂಡರೆ ಈ ತಪ್ಪು ಮಾಡಬೇಕೆಂದರೂ ಆಗುವುದಿಲ್ಲ. ಒತ್ತಕ್ಷರವೂ ಹಾಗೇ. ಅವರಿಗೆ ಒತ್ತು ಮುಖ್ಯ, ಆನ್ನೊ ಅಂದರೆ ವರ್ಷ. ಒತ್ತು ಬಿಟ್ಟರೆ ಏನರ್ಥ ಬರುತ್ತದೆ ಅಂತ ಇಲ್ಲಿ ಬರೆಯಲ್ಲ, ಮನೆಮಂದಿ ಓದುತ್ತಾರೆ. ಒಂದನೇ ಕ್ಲಾಸಿನ ನಂತರ ಕೆಲಸವೇ ಇಲ್ಲದೆ ಕೂತಿದ್ದ ಞ ಅಕ್ಷರಕ್ಕೂ ಕೆಲಸ ಸಿಕ್ಕಿತು: ಸಿಞ್ಞೋರಾ (ಅಮ್ಮಾವ್ರೇ), ಞೋಕ್ಕಿ (ಆಲೂಗಡ್ಡೆಯ ಪುಟ್ಟ ಉಂಡೆ).

ನೋಟ್‌ಬುಕ್‌ನಲ್ಲಿ ಮೂರು ಕಾಲಂ. ನಾನು ಕೇಳುವ ಮಾತು, ಅದರ ಅರ್ಥ, ಅವರು ಕೊಡಬಹುದಾದ ಉತ್ತರ. ಮೂರನೆಯದನ್ನೇ ಮೊದಲು ಬಾಯಿಪಾಠ ಮಾಡಿದೆ. ಎಲ್ಲರೂ ಪ್ರಶ್ನೆ ಕಲಿತು ಹೋಗಿ ಉತ್ತರ ಬಂದಾಗ ಕಣ್ಣು ಕಣ್ಣು ಬಿಡುತ್ತಾರೆ, ಅಲ್ವಾ? ದಾರಿ ಕೇಳಿದರೆ "ಸೆಂಪ್ರೆ ದ್ರಿತ್ತೊ", ಅಂದರೆ ನೆಟ್ಟಗೆ ಹೋಗಿ. ಅಂಗಡಿಯಲ್ಲಿ "ಆಲ್ತ್ರೊ?" ಅಂದರೆ ನಮ್ಮವರ "ಇನ್ನೇನ್ ಕೊಡ್ಲಿ?". ಅದಕ್ಕೆ "ಬಸ್ತಾ ಕೊಸೀ", ಸಾಕು ಇಷ್ಟೇ. ಒಟ್ಟು 150 ಮಾತು ಇರಬಹುದು, ಹೆಚ್ಚಿಲ್ಲ. ದಿನಾ ಬೆಳಿಗ್ಗೆ ವಾಕಿಂಗ್‌ನಲ್ಲಿ 20 ನಿಮಿಷ, ನಾಲ್ಕು ತಿಂಗಳು.

ಸಂಖ್ಯೆಯ ಕಥೆ ಬೇರೆ. ಮೊದಲ ಸಲ ರೂಮಿನವ ರಾತ್ರಿಗೆ "ಸೆತ್ತಾಂತಾ" ಅಂದದ್ದು ನನಗೆ "ಸೆಸ್ಸಾಂತಾ" ಅಂತ ಕೇಳಿಸಿತು. ಎಪ್ಪತ್ತು, ಅರವತ್ತು. ಮೂರು ರಾತ್ರಿಗೆ 30 ಯೂರೊ ವ್ಯತ್ಯಾಸ, ಜೊತೆಗೆ ಜಗಳ ಆಡಿ ಮರ್ಯಾದೆಯೂ ಹೋಯಿತು. ಈ ಸಲ ಮಗ್ಗಿ ಹಿಡಿದೆ. ಶಾಲೆಯ ಅದೇ ರಾಗದಲ್ಲಿ "ಸೆತ್ತೆ ಪೆರ್ ದೂಎ, ಕ್ವಾತ್ತೋರ್ದಿಚಿ". ಪಾರ್ಕಿನಲ್ಲಿ ಜನ ತಿರುಗಿ ನೋಡುತ್ತಿದ್ದರು. ಆದರೆ ಏಳರ ಮಗ್ಗಿ ಬಂದವನಿಗೆ ಯಾವ ಅಂಗಡಿಯವನೂ ಟೋಪಿ ಹಾಕಲಾರ.

ಊಟದ ಸೋಲೂ ಹೇಳಿಬಿಡುತ್ತೇನೆ. ನಾವು ಶಾಕಾಹಾರಿಗಳು. "ಸೆಂತ್ಸಾ ಕಾರ್ನೆ", ಮಾಂಸ ಬೇಡ, ಅಂತ ಹೇಳಿ ಪಲೆರ್ಮೊದ ಸ್ಫಿಂಚೋನೆ ತಿಂದೆವು. ಟೊಮೇಟೊ, ಈರುಳ್ಳಿ ಹಾಕಿದ ದಪ್ಪ ಬ್ರೆಡ್ಡು. ಅರ್ಧ ತಿಂದ ಮೇಲೆ ವಾಸನೆ ಬಂತು, ಒಳಗೆ ಸಣ್ಣ ಮೀನು! ಅವರ ಲೆಕ್ಕದಲ್ಲಿ ಮೀನು ಕಾರ್ನೆ ಅಲ್ಲ. ಈಗ ನನ್ನ ಮಂತ್ರ: ನಿಯೆಂತೆ ಕಾರ್ನೆ, ನಿಯೆಂತೆ ಪೆಶ್ಶೆ, ನಿಯೆಂತೆ ಅಚ್ಚೂಗೆ. ಮಾಂಸ ಬೇಡ, ಮೀನು ಬೇಡ, ಆ ಸಣ್ಣ ಮೀನೂ ಬೇಡ. ಮೂರೂ ಹೇಳಲೇಬೇಕು. ಕಡಲೆಹಿಟ್ಟಿನ ಪನೆಲ್ಲೆ ಸಿಕ್ಕರೆ ಬಿಡಬೇಡಿ, ನಮ್ಮ ಬಜ್ಜಿಯ ದೂರದ ನೆಂಟ.

ಇನ್ನು ಸಿಸಿಲಿಯನ್, ಅಂದರೆ ಆ ದ್ವೀಪದವರದೇ ಮಾತು. ಇದು ಸುಮ್ನೆ ಒಂದು ಪ್ರಯೋಗ ಅಂತ ಶುರುವಾದದ್ದು. ನನಗೆ 150 ಇಟಾಲಿಯನ್ ಮಾತು, ಹೆಂಡತಿಗೆ ಬರೀ 12 ಸಿಸಿಲಿಯನ್ ಮಾತು. ಗೆದ್ದದ್ದು ಅವಳು. ಇಟಾಲಿಯನ್ ಮಾತಿನ ಕೊನೆಯ ಒಕಾರ ಸಿಸಿಲಿಯನ್‌ನಲ್ಲಿ ಹೆಚ್ಚಾಗಿ ನಮ್ಮ ಊರು, ಹಾಲು, ಬೇರು ಥರ ಉಕಾರ ಆಗುತ್ತದೆ: ಕ್ವಾಂತೊ ಹೋಗಿ ಕ್ವಾಂತು. ಎಷ್ಟೋ ಕಡೆ ಇಟಾಲಿಯನ್‌ನ ಲ್ಲ ಇಲ್ಲಿ ಡ್ಡ ಆಗುತ್ತದೆ: ಬೆಲ್ಲೊ (ಚೆಂದ) ಹೋಗಿ ಬೆಡ್ಡು, ಕವಾಲ್ಲೊ (ಕುದುರೆ) ಹೋಗಿ ಕವಾಡ್ಡು. ಅದೂ ನಾಲಿಗೆ ಮಡಿಸಿ ಹೇಳುವ ಡ್ಡ, ನಮ್ಮ ಗುಡ್ಡದ ಡ್ಡ. ಸ್ತ್ರೋಂಬೊಲಿಯ ಬೆಂಕಿಬೆಟ್ಟವನ್ನು ಅಲ್ಲಿಯವರು 'ಇಡ್ಡು' ಅನ್ನುತ್ತಾರೆ, 'ಅವನು' ಅಂತ. ಇವಳು "ಬೆಡ್ಡಾ ಮಾತ್ರಿ!" ಅಂತ, ನಮ್ಮ 'ಅಯ್ಯೋ ತಾಯೇ' ಥರದ ಉದ್ಗಾರ ತೆಗೆದದ್ದೇ ತಡ, ತರಕಾರಿಯವ ನಕ್ಕು ಎರಡು ನಿಂಬೆಹಣ್ಣು ಜಾಸ್ತಿ ಹಾಕಿದ. ಸಿರಾಕೂಸಾದ ಹಳೇ ಊರು ಓರ್ತಿಜಿಯಾದಲ್ಲಿ ಒಬ್ಬ ಅಜ್ಜನಿಗೆ ಹಳೇ ಕಾಲದ 'ವೊಸ್ಸೀಯಾ' ಅಂದಳು, ನಮ್ಮ 'ತಾವು' ಇದ್ದಂತೆ. ಅವರು ಟೋಪಿಯನ್ನೇ ತೆಗೆದುಬಿಟ್ಟರು. ಆದರೆ ಸ್ಟೇಷನ್ನು, ಆಫೀಸಿನಲ್ಲಿ ಈ ಸಾಹಸ ಬೇಡ. ಅಲ್ಲಿ ಇಟಾಲಿಯನ್ನೇ ಸರಿ, ಅದೂ 'ಕ್ಷಮಿಸು' ಅನ್ನುವ 'ಸ್ಕೂಸಾ' ಅಲ್ಲ, 'ಕ್ಷಮಿಸಿ' ಅನ್ನುವ 'ಸ್ಕೂಸಿ'.

ಇನ್ನೊಂದು ಖುಷಿ ಹೇಳಬೇಕು. ಕ್ಲಾಸಿನಲ್ಲಿ "ವೆಜೆತಾರಿಯಾನೊ ಸೋನೊ" (ಶಾಕಾಹಾರಿ ಆಗಿದ್ದೇನೆ) ಅಂತ ಕ್ರಿಯಾಪದವನ್ನು ಕೊನೆಗೆ ಇಟ್ಟಿದ್ದಕ್ಕೆ ಬೈಸಿಕೊಂಡಿದ್ದೆ. ಸಿಸಿಲಿಯವರು ಇಟಾಲಿಯನ್ ಮಾತಾಡುವಾಗ ಎಷ್ಟೋ ಸಲ ಹಾಗೇ ಅನ್ನುತ್ತಾರೆ! "ಸಿಚಿಲಿಯಾನೊ ಸೋನೊ", ಸಿಸಿಲಿಯವನು ಆಗಿದ್ದೇನೆ.

ಬಾಯಿ ಸರಿಹೋದರೂ ತಲೆ ಕೈಕೊಟ್ಟಿತು. ಸ್ಟೇಷನ್ನಿಗೆ ಹೋಗುತ್ತಾ ಅಂತ ಬಸ್ ಡ್ರೈವರನ್ನು ಕೇಳಿದೆ. ಅವನು ಗದ್ದ ಮೇಲೆತ್ತಿ 'ತ್ಚ್' ಅಂದ. 'ಹತ್ತು' ಅಂದನೇನೋ ಅಂತ ಹತ್ತಿದೆ. ಅದು ಅವರ 'ಇಲ್ಲ'. ನಮ್ಮ ಕಡೆಯೂ ಲೊಚಗುಟ್ಟಿ ಇಲ್ಲ ಅನ್ನುತ್ತೇವೆ, ಆದರೂ ಹೊಳೆಯಲಿಲ್ಲ. ಮುಕ್ಕಾಲು ಗಂಟೆ ಹಾಳು. ಅಕ್ಕಿ ಉಂಡೆ ಕರಿದು ಕೊಡುತ್ತಾರಲ್ಲ, ಅದನ್ನು ಪಲೆರ್ಮೊದಲ್ಲಿ ಅರಂಚೀನೊ ಅಂದು ಬೈಸಿಕೊಂಡೆ, ಅಲ್ಲಿ ಅದು ಅರಂಚೀನಾ. ಕಲಿತ ಪಾಠ ಅಂತ ಕತಾನಿಯಾದಲ್ಲಿ ಅರಂಚೀನಾ ಅಂದೆ. ಅಲ್ಲಿ ಅರಂಚೀನೊ ಅಂತೆ! ಮತ್ತೆ ಬೈಗುಳ.

ಬಲ್ಲರೊದಲ್ಲಿ ಅಂಗಡಿ ಮುಚ್ಚುವ ಹೊತ್ತಿಗೆ ಹೇಳುವ ಒಂದು ಮಾತಿದೆ, ರೇಟು ಅರ್ಧಕ್ಕೆ ಇಳಿಯುತ್ತದೆ. ಅದನ್ನು ಇಲ್ಲಿ ಹಾಕುವುದಿಲ್ಲ, ಮುಂದಿನ ಸಲ ನನಗೇ ಬೇಕು. ಮೊನ್ನೆ ಮಗಳು ಫೋನ್ ಮಾಡಿ ನೋಟ್‌ಬುಕ್‌ನ ಫೋಟೊ ಕಳಿಸು ಅಂದಳು, ಅವಳೂ ಹೊರಟಿದ್ದಾಳಂತೆ. ಮಗ್ಗಿ ಪುಟ, ಊಟದ ಪುಟ ಕಳಿಸಿದೆ. ಚೌಕಾಸಿ ಪುಟ ಕಳಿಸಲಿಲ್ಲ.