ನನ್ನ ಅನುಭವ: ನಾಲ್ಕು ಕಿರುಚಿತ್ರ, ಒಂದೇ ಅಟ್ಟ

ನಾಲ್ಕನೇ ಕಿರುಚಿತ್ರದ ಎಡಿಟಿಂಗ್ ನಡೆಯುತ್ತಿತ್ತು. ಎಡಿಟ್ ಮಾಡುತ್ತಿದ್ದ ಗೆಳೆಯ ಕುರ್ಚಿ ಹಿಂದಕ್ಕೆ ತಳ್ಳಿ, "ಮತ್ತೆ ಅಟ್ಟಾನಾ? ಈ ಸಲ ತೆಗೆದುಬಿಡೋಣ ಕಣೋ" ಎಂದ. ನನಗೆ ಕೋಪ ಬಂತು. ಅವತ್ತು ರಾತ್ರಿ ರೈಲಿನಲ್ಲಿ ತಿಪಟೂರಿಗೆ ಹೋಗುವಾಗ ಮಾತ್ರ ಅವನು ಹೇಳಿದ್ದೇ ತಲೆಯಲ್ಲಿ ಸುತ್ತುತ್ತಿತ್ತು.

ನನ್ನ ಎಲ್ಲ ಚಿತ್ರಗಳಲ್ಲೂ ಅಜ್ಜಿ ಮನೆಯ ಕೊಬ್ಬರಿ ಅಟ್ಟ ಬರುತ್ತದೆ. ಯಾರಾದರೊಬ್ಬರು ತೆಂಗಿನಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುವುದೂ ಬರುತ್ತದೆ. ತಿಪಟೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಬಲಿತ ಕಾಯನ್ನು ಸುಲಿಯದೆ ಹಾಗೇ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೆರಡು ತಿಂಗಳು ಅದು ಅಲ್ಲೇ ಇರಬೇಕು. ಒಳಗಿನ ನೀರು ನಿಧಾನಕ್ಕೆ ಇಂಗುತ್ತದೆ. ತಿರುಳು ಒಣಗಿ ಕರಟದಿಂದ ಬಿಟ್ಟುಕೊಳ್ಳುತ್ತದೆ. ಆಗ ಅಲ್ಲಾಡಿಸಿದರೆ ಗಿಟುಕು, ಅಂದರೆ ಉಂಡೆಯಾಗಿ ಒಣಗಿದ ಆ ಕೊಬ್ಬರಿ, ಒಳಗೆ ಲೊಟಲೊಟ ಅನ್ನುತ್ತದೆ. ಆ ಸದ್ದು ಬಂದ ಮೇಲೇ ಕಾಯಿ ಕೆಳಗಿಳಿಸುವುದು.

ಮೊದಲ ಚಿತ್ರದಲ್ಲಿ ಅಟ್ಟ ಬಂದಿದ್ದು ದುಡ್ಡಿಲ್ಲದ ಕಾರಣಕ್ಕೆ. ಜಾಗಕ್ಕೆ ಬಾಡಿಗೆ ಕೊಡಲು ಆಗುತ್ತಿರಲಿಲ್ಲ, ಅಜ್ಜಿ ಮನೆ ಇತ್ತು. ಎರಡನೆಯದರಲ್ಲಿ ಬೇಕೆಂದೇ ಊರನ್ನು ತುಂಬಿದೆ. ಬಿ.ಎಚ್. ರಸ್ತೆ, ಬಸ್ ಸ್ಟ್ಯಾಂಡ್ ಬೋರ್ಡು, ತಟ್ಟೆ ಇಡ್ಲಿ, ಗುಡಿ ಗೋಪುರ, ಎಲ್ಲಾ ಇತ್ತು. ಊರಿನವರಿಗೆ ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಮನೆ ಜಗುಲಿಯಲ್ಲಿ ಬಿಳಿ ಪಂಚೆ ಕಟ್ಟಿ ತೋರಿಸಿದೆವು. ಮುಗಿದ ಮೇಲೆ ಪಕ್ಕದ ಮನೆಯ ದೊಡ್ಡಮ್ಮ ಒಂದೇ ಮಾತು ಕೇಳಿದರು: "ಯುಗಾದಿಗೆ ಕೆಡವಿದ ಕಾಯಿ ಬಸವ ಜಯಂತಿಗೆ ಕೊಬ್ಬರಿ ಆಗೋದು ಯಾವ ಊರಲ್ಲಪ್ಪಾ?"

ಕಥೆಯಲ್ಲಿ ನಾನು ಹಾಗೇ ಬರೆದಿದ್ದೆ. ಒಂದು ವರ್ಷದ ಕೆಲಸವನ್ನು ಒಂದು ತಿಂಗಳಿಗೆ ಇಳಿಸಿದ್ದೆ. ತುಂಬಾ ಸಂಕಟವಾಯಿತು. ಊರಿನ ಬೋರ್ಡು ತೋರಿಸುವುದು ಸುಲಭ. ಊರು ಯಾವುದಕ್ಕಾಗಿ ಎಷ್ಟು ದಿನ ಕಾಯುತ್ತದೆ ಅನ್ನೋದು ಕಥೆಯೊಳಗೆ ಇರಬೇಕಿತ್ತು, ಅದೇ ಇರಲಿಲ್ಲ.

ಮೂರನೇ ಚಿತ್ರ ಹುಟ್ಟಿದ್ದು ಆ ಕಾಯುವಿಕೆಯಿಂದಲೇ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇತ್ತು. ಮಾರುಕಟ್ಟೆಯಲ್ಲಿ ಧಾರಣೆ 8,000ದ ಆಸುಪಾಸಿಗೆ ಕುಸಿಯಿತು. ಅಟ್ಟ ತುಂಬಾ ಕಾಯಿ, ಕೈಯಲ್ಲಿ ಕಾಸಿಲ್ಲ. ನನ್ನ ಚಿತ್ರದ ರೈತ ದಿನಾ ಬೆಳಿಗ್ಗೆ ಏಣಿ ಹತ್ತುತ್ತಾನೆ, ಒಂದು ಕಾಯಿ ಅಲ್ಲಾಡಿಸುತ್ತಾನೆ, ಇಳಿದು ಬರುತ್ತಾನೆ. ಕೊಬ್ಬರಿ ಆಗಿದೆ. ಇಳಿಸೋದಾ, ಇನ್ನೂ ಕಾಯೋದಾ? ಮಗಳ ಕಾಲೇಜು ಫೀಸಿನ ದಿನ ಹತ್ತಿರ ಬರುತ್ತಿದೆ. ಕಥೆ ಅಷ್ಟೇ. ಈ ಸಲ ಅಟ್ಟವನ್ನು ತೆಗೆದರೆ ಚಿತ್ರವೇ ಉಳಿಯುತ್ತಿರಲಿಲ್ಲ.

ಆ ಸದ್ದು ಹಿಡಿಯುವುದಕ್ಕೇ ಮೂರು ರಾತ್ರಿ ಬೇಕಾಯಿತು. ಮೊದಲು ಸುಲಿದ ಕಾಯಿ ಅಲ್ಲಾಡಿಸಿ ರೆಕಾರ್ಡ್ ಮಾಡಿದೆವು. ಸದ್ದು ಚೆನ್ನಾಗಿತ್ತು, ಆದರೆ ಸುಳ್ಳು. ಅಟ್ಟದ ಕಾಯಿಗೆ ಮಟ್ಟೆ, ಅಂದರೆ ಹೊರಗಿನ ನಾರಿನ ಸಿಪ್ಪೆ, ಇರುತ್ತದಲ್ವಾ, ಹಾಗಾಗಿ ಸದ್ದು ಮಂದ, ಎದೆಯೊಳಗಿಂದ ಬಂದ ಹಾಗೆ. ಫ್ರಿಜ್ ಬಂದ್ ಮಾಡಿ, ಫ್ಯಾನ್ ಆರಿಸಿ, ಮೈಕನ್ನು ಮಟ್ಟೆಗೆ ತಾಗುವಷ್ಟು ಹತ್ತಿರ ಇಟ್ಟೆವು. ಅಷ್ಟರಲ್ಲಿ ಅರಸೀಕೆರೆ ಕಡೆ ಹೋಗುವ ರೈಲು ಬರುತ್ತಿತ್ತು. ಮತ್ತೆ ಕಾಯುವುದು. ಕೊನೆಗೆ ಒಂದು ಟೇಕಿನಲ್ಲಿ ರೈಲನ್ನೂ ಹಾಗೇ ಬಿಟ್ಟೆ. ಅಲ್ಲಿ ಮಲಗುವವರಿಗೆ ಆ ಎರಡೂ ಸದ್ದು ಒಟ್ಟಿಗೇ ಕೇಳಿಸುತ್ತವೆ.

ಬೆಳಕಿಗೆ ಹೆಂಚಿನ ನಡುವಿನ ಗಾಜು ಸಾಕಾಯಿತು. ಮಧ್ಯಾಹ್ನದ ಹೊತ್ತು ಒಂದು ಗಂಟೆ ಒಳ್ಳೆ ಬಿಸಿಲು ಬೀಳುತ್ತದೆ, ಆಗಲೇ ಚಿತ್ರೀಕರಣ. ನಟರೆಲ್ಲಾ ಊರವರೇ. ಅವರಿಗೆ ಸಂಭಾಷಣೆ ಬರೆದು ಕೊಡಲಿಲ್ಲ. ಸಂದರ್ಭ ಹೇಳಿ ಸುಮ್ನೆ ಬಿಟ್ಟೆ. ಧಾರಣೆ ಬಗ್ಗೆ ಮಾತಾಡಲು ಅವರಿಗೆ ನಾನು ಕಲಿಸುವುದು ಏನಿದೆ?

ಊರಿನ ಹಂಗು ಯಾಕೆ ಎಂದು ಕೇಳುವವರಿಗೆ ನಾನು ಪಕ್ಕದ ಗುಬ್ಬಿಯನ್ನು ತೋರಿಸುತ್ತೇನೆ. 1884ರಲ್ಲಿ ಅಲ್ಲಿ ಶುರುವಾದ ನಾಟಕ ಕಂಪನಿಗೆ ಇಟ್ಟಿದ್ದು ಊರ ದೇವರು ಚನ್ನಬಸವೇಶ್ವರನ ಹೆಸರು. ಮುಂದೆ ಗುಬ್ಬಿ ವೀರಣ್ಣನವರು ಆ ಕಂಪನಿಯನ್ನು ನಾಡೆಲ್ಲಾ ಸುತ್ತಿಸಿದರು. ಪುಟ್ಟ ಊರೊಂದರ ಹೆಸರು ಇವತ್ತಿಗೂ ನಾಟಕದ ಜೊತೆಗೇ ನೆನಪಾಗುತ್ತದೆ. ನನಗೆ ಅದು ದೊಡ್ಡ ಧೈರ್ಯ.

ಈಗ ಮತ್ತೆ ನಾಲ್ಕನೇ ಚಿತ್ರಕ್ಕೆ ಬರುತ್ತೇನೆ. ಇದು ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮೂರಿನ ಹುಡುಗಿಯ ಕಥೆ. ಅವಳು ಊರು ನೆನೆಸಿಕೊಳ್ಳುವಾಗ ಅಟ್ಟ ಬರುತ್ತಿತ್ತು. ಗೆಳೆಯ ಹೇಳಿದ್ದು ನಿಜ. ಅಲ್ಲಿ ಅಟ್ಟ ನನಗೆ ಬೇಕಿತ್ತು, ಅವಳಿಗೆ ಬೇಕಿರಲಿಲ್ಲ. ತೆಗೆದೆ. ತೆಗೆಯುವಾಗ ಸಂಕಟವಾಗಿದ್ದು ಹೌದು.

ಅದರ ಬದಲು ಒಂದೇ ಒಂದು ಶಾಟ್ ಹೊಸದಾಗಿ ತೆಗೆದೆವು. ಹುಡುಗಿ ಅಂಗಡಿಯಲ್ಲಿ ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸುತ್ತಾಳೆ. ಅಂಗಡಿಯವರು, "ನೀರು ಚೆನ್ನಾಗಿದೆ, ತಗೊಳ್ಳಿ ಮೇಡಂ" ಅನ್ನುತ್ತಾರೆ. ಪೇಟೆಯಲ್ಲಿ ಎಲ್ಲರೂ ಅಲ್ಲಾಡಿಸುವುದು ನೀರಿದೆಯಾ ಅಂತ. ನಮ್ಮೂರಲ್ಲಿ ನೀರು ಹೋಯಿತಾ ಅಂತ. ಅವಳು ಒಂದು ಗಳಿಗೆ ಕಾಯಿಯನ್ನು ಹಾಗೇ ಹಿಡಿದು ನಿಲ್ಲುತ್ತಾಳೆ. ಬೆಂಗಳೂರಿನಲ್ಲಿ ತೋರಿಸಿದಾಗ ಈ ಶಾಟ್ ಸುಮ್ಮನೆ ಸರಿದುಹೋಯಿತು. ಜಗುಲಿಯಲ್ಲಿ ತೋರಿಸಿದಾಗ ದೊಡ್ಡಮ್ಮ ಜೋರಾಗಿಯೇ ಹೇಳಿದರು: "ಇನ್ನೂ ಹಸಿಕಾಯಿ ಕಣವ್ವಾ."

ಮುಂದಿನ ಚಿತ್ರದಲ್ಲಿ ಅಟ್ಟ ಮತ್ತೆ ಬರುತ್ತದೆ, ಈ ಸಲ ಕಥೆಯೇ ಕೇಳುತ್ತಿದೆ. ಹೋದ ತಿಂಗಳು ಚಿಕ್ಕಪ್ಪ ಕಾಯಿ ಮೇಲಕ್ಕೆ ಹಾಕಿಸಿದರು. ಆ ಕೆಲಸವನ್ನು ಚಿತ್ರೀಕರಿಸಿಕೊಂಡಿದ್ದೇನೆ. ಉಳಿದ ಶೂಟಿಂಗ್ ಬರುವ ವರ್ಷ, ಅದೇ ಕಾಯಿ ಲೊಟಲೊಟ ಅಂದಾಗ.